ಸೌಂಡ್ ಬತ್ತಾ ಅದೆಯಲ್ಲ ಸಾರ್

ಈ ವಾರ ಪೂರ್ತಿ ತಲೇಲಿ ಒಂದೇ ಡೈಲಾಗು. "ಸೌಂಡ್ ಬತ್ತಾ ಅದೆಯಲ್ಲ ಸಾರ್, ಇನ್ನೇನ್ ಬೇಕು?"

ಹೇಳಿದ್ದು ಅಂಗಡಿ ಹುಡುಗ. ಹೇಳಿಸ್ಕೊಂಡಿದ್ದು ಕುವೆಂಪುನಗರದ ನಮ್ಮ ಮಾವ, ರಿಟೈರ್ಡ್ ಮೇಷ್ಟ್ರು, 2004ರಲ್ಲಿ ಪಿಎಫ್ ಲೋನ್ ತೆಗೆದು 5.1 ಹೋಮ್ ಥಿಯೇಟರ್ (ಸುತ್ತ ಐದು ಸ್ಪೀಕರ್ರು, ಗುಡುಗಿಗೊಂದು ವೂಫರ್ರು) ತಂದವ್ರು, ಇವತ್ತಿಗೂ ಆಯುಧಪೂಜೆ ದಿನ ಆಂಪ್ಲಿಫೈಯರ್‌ಗೆ ಕುಂಕುಮ ಇಡ್ತಾರೆ. ಮಗ ಬ್ಲೂ-ರೇ ಪ್ಲೇಯರ್ ಕಳಿಸಿದ್ದ, ಹುಡುಗ ಬಂದು ವೈರ್ ಚುಚ್ಚಿ ಹೋದ, ಪಿಕ್ಚರ್ ಏನೋ ಭರ್ಜರಿ, ಆದ್ರೆ ಹಿಂದಿನ ಎರಡು ಸ್ಪೀಕರ್ ಗಪ್‌ಚಿಪ್. ಮಾವ ಕೇಳಿದ್ದಕ್ಕೆ ಆ ಮಾತು ಹೇಳಿ, "ಹಳೇ ಮಾಡ್ಲು, ಸಪೋರ್ಟ್ ಮಾಡಲ್ಲ, ಸೌಂಡ್‌ಬಾರ್ ತಗಳಿ" ಅಂತ ಕಾರ್ಡ್ ಬೇರೆ ಕೊಟ್ಟಿದ್ದಾನೆ. ಅತ್ತೆ ಅಷ್ಟರಲ್ಲೇ ಒಂದು ಸ್ಪೀಕರ್ ಮೇಲೆ ಮನಿಪ್ಲಾಂಟ್ ಇಟ್ಟಾಗಿತ್ತು. ಹೇಗೂ ಮಾತಾಡಲ್ವಲ್ಲ ಅದು ಅಂತ.

ಭಾನುವಾರ ನಾನು ಹೋಗಿ ಹಿಂದೆ ಬಗ್ಗಿ ನೋಡ್ದೆ. ಆಂಪ್ಲಿಫೈಯರ್‌ಗೆ ಎಚ್‌ಡಿಎಂಐ ಇಲ್ಲ, ಬೆಳಕಲ್ಲಿ ಸೌಂಡ್ ಸಾಗಿಸೋ ಆಪ್ಟಿಕಲ್ ಇದೆ, ಕೇಬಲ್ ತುದೀಲಿ ಕೆಂಪು ಲೈಟು ಅಂಗೈ ಮೇಲೆ ಬೊಟ್ಟಿಟ್ಟ ಹಾಗೆ ಬೀಳ್ತಿತ್ತು, ಅಂದ್ರೆ ಸಿಗ್ನಲ್ ಬರ್ತಿದೆ. ಆಂಪ್ಲಿಫೈಯರ್ ಡಿಸ್‌ಪ್ಲೇ ಮೇಲೆ ಮಾತ್ರ 'ಪಿಸಿಎಂ' ಅಂತ ಇತ್ತು, ಅಂದ್ರೆ ಒತ್ತದೆ ಬಿಡಿಸಿಟ್ಟ ಸೌಂಡು. ವಿಷಯ ಅಷ್ಟೇ. ಈ ಆಪ್ಟಿಕಲ್ ವೈರಲ್ಲಿ ಪಿಸಿಎಂ ಹೋದ್ರೆ ಎರಡೇ ಚಾನೆಲ್ಲು, 5.1 ಹೋಗ್ಬೇಕಂದ್ರೆ ಡಾಲ್ಬಿ ಡಿಜಿಟಲ್ಲೋ ಡಿಟಿಎಸ್ಸೋ ಒತ್ತಿ ಮಡಚಿದ ರೂಪದಲ್ಲೇ ಹೋಗ್ಬೇಕು, ಬಿಚ್ಚೋ ಕೆಲಸ ಆಂಪ್ಲಿಫೈಯರ್‌ದು. ಪ್ಲೇಯರ್ ಮೆನುಲಿ ಡಿಜಿಟಲ್ ಔಟ್‌ಪುಟ್ ಅನ್ನೋ ಕಡೆ ಪಿಸಿಎಂ ತೆಗೆದು ಬಿಟ್‌ಸ್ಟ್ರೀಮ್ ಮಾಡ್ದೆ, ಅಂದ್ರೆ ಬಿಚ್ಚದೆ ಹಾಗೇ ಕಳಿಸು ಅಂತ. ಡಿಸ್‌ಪ್ಲೇಲಿ ಡಿಟಿಎಸ್ ಅಂತ ಹತ್ಕೊಂಡ್ತು, ಮನಿಪ್ಲಾಂಟ್ ಕೆಳಗಿಂದ ಒಂದು ಬೈಕ್ ಹೋಯ್ತು, ಮಾವ ಗೇಟ್ ಕಡೆ ತಿರುಗಿ ನೋಡಿದ್ರು.

ನಂಗೆ ಸಿಟ್ಟು ಬಂದಿದ್ದು ಎಲ್ಲಿ ಅಂದ್ರೆ, ಬ್ಲೂ-ರೇ ಮಾಡಿದವ್ರು ಈ ಹಳೇ ಡಬ್ಬನ ಮರೆತಿರ್ಲಿಲ್ಲ. ಡಿಸ್ಕಲ್ಲಿರೋ ಹೊಸಾ ತಳಿ ಡಿಟಿಎಸ್-ಎಚ್‌ಡಿ ಒಳಗೆ ಹಳೇ ಡಿಟಿಎಸ್ಸೇ ತಿರುಳಾಗಿ ಕೂತಿರತ್ತೆ, ಹೊಸಾದನ್ನ ಓದಕ್ಕಾಗದ ಆಂಪ್ಲಿಫೈಯರ್‌ಗೆ ಆ ತಿರುಳು ಸಾಕು. ಡಾಲ್ಬಿಯವರ ಹೊಸಾ ತಳಿ ಟ್ರೂಎಚ್‌ಡಿ ಇದ್ರೆ ಜೊತೆಗೆ ಮಾಮೂಲಿ ಡಾಲ್ಬಿ ಡಿಜಿಟಲ್ಲೂ ಇಟ್ಟಿರ್ತಾರೆ, ಅದೂ ಸೆಕೆಂಡಿಗೆ 640 ಕಿಲೋಬಿಟ್‌ವರೆಗೆ, ಡಿವಿಡೀಲಿ 448ಕ್ಕಿಂತ ಜಾಸ್ತಿ ಇರ್ತಾನೇ ಇರ್ಲಿಲ್ಲ. ಅಂದ್ರೆ ಮಾವನ ಹಳೇ ಸೆಟ್ಟು ಡಿವಿಡಿ ಕಾಲಕ್ಕಿಂತ ಚೆನ್ನಾಗೇ ಹಾಡ್ಬಹುದು. ಎಲ್ಲೋ ಕೂತ ಎಂಜಿನಿಯರ್‌ಗೆ ಇದ್ದ ಕಾಳಜಿ ಮನೆ ಒಳಗೆ ನಿಂತ ಹುಡುಗನಿಗೆ ಇಲ್ಲ.

ಪಾಪ, ಅವನನ್ನೇ ಬೈಯ್ಯೋದೂ ತಪ್ಪೇನೋ, ಸೌಂಡ್‌ಬಾರ್ ಟಾರ್ಗೆಟ್ ಇರತ್ತೆ. ಆದ್ರೆ ಈ 'ಬತ್ತಾ ಅದೆಯಲ್ಲ' ಬರೀ ಅವನ ಮಾತಲ್ಲ. ನಲ್ಲೀಲಿ ದಾರದಷ್ಟು ನೀರು ಬಂದ್ರೂ ಬರ್ತಿದೆಯಲ್ಲ ಸಾರ್, ವೋಲ್ಟೇಜ್ ಇಲ್ದೆ ಫ್ಯಾನ್ ತೂಕಡಿಸ್ತಿದ್ರೂ ಕರೆಂಟ್ ಇದೆಯಲ್ಲ ಸಾರ್. ಕಮ್ಮಿ ಆಗಿದೆ ಅಂತ ಹೇಳೋನೇ ಕಿರಿಕ್ ಪಾರ್ಟಿ, ಅದ್ರಲ್ಲೂ ವಯಸ್ಸಾದವ್ರು ಹೇಳಿದ್ರೆ ಕಿವೀನೇ ಡೌಟು. ಮಾವನ್ನ ಇಎನ್‌ಟಿಗೆ ಕರ್ಕೊಂಡು ಹೋಗೋ ಮಾತೂ ಮನೇಲಿ ಬಂದಿತ್ತಂತೆ! ಆ ಮನೇಲಿ ಸರಿಯಾಗಿ ಕೇಳಿಸ್ತಿದ್ದಿದ್ದು ಅವರೊಬ್ಬರಿಗೇ.

ಈಗ ಮಾವಂಗೆ ಪೂರ್ತಿ ಎಚ್‌ಡಿ ಸೌಂಡೇ ಬೇಕಂತೆ. ಆಂಪ್ಲಿಫೈಯರ್ ಹಿಂದೆ 5.1 ಅನಲಾಗ್ ಇನ್‌ಪುಟ್ ಆರು ತೂತು ಇದೆ, ಆದ್ರೆ ಒತ್ತಿ ಮಡಚಿದ್ದು ಪ್ಲೇಯರ್ ಒಳಗೇ ಬಿಚ್ಚಿ ಆರು ವೈರಲ್ಲಿ ಆಚೆ ಬರ್ಬೇಕು, ಮಗ ಕಳಿಸಿರೋದ್ರಲ್ಲಿ ಆ ಔಟ್‌ಪುಟ್ಟೇ ಇಲ್ಲ ಅಂದ್ರೆ ನಂಬ್ತಿಲ್ಲ. ದಿನಾ ಸಂಜೆ ಪ್ಲೇಯರ್ ಹಿಂಭಾಗದ ಫೋಟೋ ವಾಟ್ಸಾಪ್ ಮಾಡಿ "ಇದೇನಾ ನೋಡು" ಅಂತಾರೆ.