ಫೈಲ್ ಚೂರಾದರೆ ಹಾರ್ಡ್ ಡಿಸ್ಕ್ ಏಕೆ ಏದುಸಿರು ಬಿಡುತ್ತದೆ?

ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ತಟ್ಟೆಗೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಡೇಟಾ ಓದುವ ಹೆಡ್ಡಿನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಹೆಡ್ ಸರಿಯಾದ ಟ್ರ್ಯಾಕಿಗೆ, ಅಂದರೆ ತಟ್ಟೆಯ ಮೇಲಿನ ಸುತ್ತುಗೆರೆಗೆ, ಸರಿಯಲು ಸುಮಾರು 9 ಮಿಲಿಸೆಕೆಂಡ್. ಅಂತೂ ಒಂದು ನೆಗೆತಕ್ಕೆ 13 ಮಿಲಿಸೆಕೆಂಡ್ ಹೋಯಿತು. ಸೆಕೆಂಡಿಗೆ 150 ಎಂಬಿ ಓದುವ ಡಿಸ್ಕ್, ಸಾಲಾಗಿ ಕೂತ 100 ಎಂಬಿ ಫೈಲನ್ನು ಒಂದು ಸೆಕೆಂಡಿನೊಳಗೆ ಓದಿ ಮುಗಿಸುತ್ತದೆ. ಅದೇ ಫೈಲ್ 1000 ಚೂರಾಗಿ ದೂರದೂರ ಹರಡಿದ್ದರೆ ನೆಗೆತಗಳೇ 13 ಸೆಕೆಂಡ್ ತಿನ್ನುತ್ತವೆ.

ಚೂರಾಗುವುದು ಹೇಗೆ? ವಿಂಡೋಸ್ ಫೈಲುಗಳನ್ನಿಡುವ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಸಾಮಾನ್ಯವಾಗಿ ಜಾಗವನ್ನು 4 ಕೆಬಿಯ ಕ್ಲಸ್ಟರ್ ಎಂಬ ತುಣುಕುಗಳಲ್ಲಿ ಹಂಚುತ್ತದೆ. ಫೈಲ್ ಅಳಿಸಿದಾಗ ನಡುವೆ ಖಾಲಿ ಕಿಂಡಿಗಳು ಉಳಿಯುತ್ತವೆ. ದೊಡ್ಡ ಫೈಲಿಗೆ ಒಂದೇ ಕಡೆ ಜಾಗ ಸಿಗದಿದ್ದರೆ ಅದು ಆ ಕಿಂಡಿಗಳಲ್ಲಿ ಹಂಚಿಹೋಗುತ್ತದೆ. ದಿನವೂ ಬೆಳೆಯುವ ಲಾಗ್, ಮೇಲ್ ಪೆಟ್ಟಿಗೆ, ಟೊರೆಂಟ್, ವರ್ಚುವಲ್ ಮಷೀನಿನ ಡಿಸ್ಕ್ ಫೈಲ್, ಇವು ಬೇಗ ಚೂರಾಗುತ್ತವೆ. ಡಿಸ್ಕ್ ತುಂಬುತ್ತಾ ಬಂದಷ್ಟೂ ಪಾಡು ಹೆಚ್ಚು.

ಡಿಫ್ರ್ಯಾಗ್ ಮಾಡುವ, ಅಂದರೆ ಚೂರುಗಳನ್ನು ಮತ್ತೆ ಸಾಲಾಗಿ ಜೋಡಿಸುವ ಮುನ್ನ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ನೋಡಿ. ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನ ಹಾಳಾದ ಚಿಕ್ಕ ಭಾಗಗಳ) ಎಣಿಕೆ ಏರುತ್ತಿದ್ದರೆ ನಿಧಾನಕ್ಕೆ ಕಾರಣ ಅದೇ ಇರಬಹುದು. ಅಂಥ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಓದುಬರಹದ ಹೊರೆ ಹಾಕುವುದು ಅಪಾಯ. ಮೊದಲು ಬ್ಯಾಕಪ್ ತೆಗೆಯಿರಿ, ಆಮೇಲೆ ಡಿಸ್ಕ್ ಬದಲಿಸಿ.

ಡಿಸ್ಕ್ ಗಟ್ಟಿಯಾಗಿದ್ದರೆ ಕನಿಷ್ಠ 15% ಜಾಗ ಖಾಲಿ ಮಾಡಿಕೊಳ್ಳಿ. ಚೂರುಗಳನ್ನು ಎತ್ತಿ ಜೋಡಿಸಲು ವಿಂಡೋಸ್‌ಗೆ ಅಷ್ಟು ಅಂಗಳ ಬೇಕು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಡಿಫ್ರ್ಯಾಗ್ ಡಿ: /ಎ’ ಎಂಬ ಆದೇಶವನ್ನು (ಇಲ್ಲಿ ‘ಡಿ:’ ಎಂದರೆ ಡ್ರೈವಿನ ಅಕ್ಷರ) ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಪರೀಕ್ಷೆ ಮಾತ್ರ ನಡೆಯುತ್ತದೆ, ಯಾವುದನ್ನೂ ಕದಲಿಸುವುದಿಲ್ಲ. ವರದಿಯ ಶೇಕಡಾವಾರು ಕಡಿಮೆ ಇದ್ದರೆ ಅನುಮಾನ ಬೇಡ: 64 ಎಂಬಿಗಿಂತ ದೊಡ್ಡ ಚೂರುಗಳನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಷ್ಟು ಉದ್ದ ಓದುವಾಗ ನಡುವಿನ ಒಂದು ನೆಗೆತ ಗೊತ್ತೂ ಆಗದು, ಹಾಗಾಗಿ ಈ ಲೆಕ್ಕ ಸರಿಯಾಗಿಯೇ ಇದೆ. ಜೋಡಿಸಬೇಕೆಂದರೆ ‘/ಎ’ ಬದಲು ‘/ಯು’ ಹಾಕಿ, ಕೆಲಸ ಎಲ್ಲಿಗೆ ಬಂತೆಂದು ಕಾಣುತ್ತದೆ.

ಲಿನಕ್ಸಿನ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4 ಜಾಗವನ್ನು ಮುಂದಾಲೋಚನೆಯಿಂದ ಹಂಚುವುದರಿಂದ ಅಲ್ಲಿ ಈ ಕೆಲಸ ಅಪರೂಪ.

ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಚಲಿಸುವ ಹೆಡ್ಡೂ ಇಲ್ಲ. ಅದಕ್ಕೆ ಬೇರೆ ಕಂಪನಿಗಳ ಹಳೆಯ ಡಿಫ್ರ್ಯಾಗ್ ತಂತ್ರಾಂಶ ಓಡಿಸಿದರೆ ಬರವಣಿಗೆಯ ಆಯುಷ್ಯ ಸುಮ್ಮನೆ ಸವೆಯುತ್ತದೆ. ಅದೇ ಆದೇಶಕ್ಕೆ ‘/ಎಲ್’ ಕೊಟ್ಟರೆ ಟ್ರಿಮ್ ನಡೆಯುತ್ತದೆ, ಅಂದರೆ ಯಾವ ಜಾಗ ಖಾಲಿಯಾಗಿದೆ ಎಂದು ಎಸ್‌ಎಸ್‌ಡಿಗೆ ತಿಳಿಯುತ್ತದೆ, ಅದಕ್ಕೆ ಬೇಕಾದದ್ದು ಅಷ್ಟೇ.