“ಮತ್ತೆ ನಾವ್ಯಾರಪ್ಪ?”

ಈ ಭಾನುವಾರ ಹುಬ್ಬಳ್ಳಿಯಿಂದ ಬಂದಿದ್ದ ಭಾವನನ್ನು ಮುಂಬೈ ಹತ್ತಿರದ ಎಲಿಫೆಂಟಾ ದ್ವೀಪಕ್ಕೆ, ಅಲ್ಲಿನ ಗುಹೆ ನೋಡೋಕೆ ಕರೆದುಕೊಂಡು ಹೋಗಿದ್ದೆ. ಗುಹೆ ಬಗ್ಗೆ ಬರೆಯೋಣ ಅಂತ ಕೂತರೆ ಅಂಗಡಿಯ ಹೆಂಗಸೊಬ್ಬರ ಮಾತೇ ತಲೆಯಲ್ಲಿ ತಿರುಗ್ತಿದೆ.

ಮೆಟ್ಟಿಲಿನ ಎರಡೂ ಕಡೆ ಅಂಗಡಿಗಳು, ಮೇಲೆ ನೀಲಿ ತಾಡಪಾಲು. ಆಕೆ ಮಾವಿನಕಾಯಿ ಹೋಳು ಮಾಡಿ ಉಪ್ಪು-ಖಾರ ಹಚ್ಚಿ ಕೊಡ್ತಿದ್ದರು. ಕೋತಿ ಓಡಿಸೋಕೆ ಪಕ್ಕದಲ್ಲೇ ಒಂದು ಕೋಲು. ನಮ್ಮ ಲಾಂಚಿನಲ್ಲೇ ಬಂದಿದ್ದ ಹುಡುಗನೊಬ್ಬ ಕೇಳಿದ, “ಮಾವಶಿ, ಈ ದ್ವೀಪದಲ್ಲಿ ಯಾರಾದ್ರೂ ಇರ್ತಾರಾ?”

“ಮತ್ತೆ ನಾವ್ಯಾರಪ್ಪ?” ಅಂದರು ಆಕೆ. ಸಿಟ್ಟೇನೂ ಇರಲಿಲ್ಲ, ಚಾಕುವೂ ನಿಲ್ಲಲಿಲ್ಲ.

ಹುಡುಗ ಒಳ್ಳೆಯವನೇ. ಬರುವಾಗ ಒಂದು ಅಜ್ಜಿಯ ಕೈಹಿಡಿದು ಇಳಿಸಿದ್ದ. ಆದರೂ ಆ ಪ್ರಶ್ನೆ! ಬೆಳಿಗ್ಗೆ ಬಂದು, ಇಪ್ಪತ್ತು ಅಡಿ ಎತ್ತರದ ಮೂರು ಮುಖದ ಶಿವನನ್ನು ನೋಡಿ ಸಂಜೆಗೆ ಹೊರಡುವ ನಮಗೆ ಅಲ್ಲೇ ರಾಜಬಂದರ್, ಶೇತಬಂದರ್, ಮೋರಾಬಂದರ್ ಅಂತ ಮೂರು ಊರಿರುವುದು ಕಣ್ಣಿಗೇ ಬೀಳಲ್ಲ.

ಮುಂಬೈಯ ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚಿನಲ್ಲಿ ಒಂದು ಗಂಟೆ ದಾರಿ, ಅಷ್ಟೇ. ಗುಹೆಗಳು ಯುನೆಸ್ಕೋ ಪಟ್ಟಿಗೆ ಸೇರಿದ್ದು 1987ರಲ್ಲಿ. ಸಮುದ್ರದ ತಳದಲ್ಲಿ ಏಳೂವರೆ ಕಿಲೋಮೀಟರ್ ಕೇಬಲ್ ಎಳೆದು ಈ ಊರುಗಳಿಗೆ ಕರೆಂಟು ಕೊಟ್ಟಿದ್ದು 2018ರ ಫೆಬ್ರವರಿಯಲ್ಲಿ! ಅಲ್ಲಿವರೆಗೂ ಸಂಜೆ ಸ್ವಲ್ಪ ಹೊತ್ತು ಡೀಸೆಲ್ ಜನರೇಟರು, ಆಮೇಲೆ ಕತ್ತಲು. ಎದುರಿಗೇ ನ್ಹಾವಾ ಶೇವಾ ಬಂದರಿನಲ್ಲಿ ರಾತ್ರಿಯಿಡೀ ದೀಪ ಉರೀತಾ ಇದ್ದರೂ ಇವರ ಮನೆಯಲ್ಲಿ ಮಕ್ಕಳು ಪುಸ್ತಕ ಮುಚ್ಚಿಡಬೇಕಿತ್ತು ಅಂದರೆ ಹೊಟ್ಟೆ ಉರಿಯುತ್ತೆ.

ಆಕೆ ಅಂಗಡಿಯ ಫ್ರಿಜ್ಜನ್ನು ತಟ್ಟಿ ತೋರಿಸಿದರು. ಹೊಸದೇನಲ್ಲ, ಆದರೂ ಬಾಗಿಲ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತಿಲ್ಲ. ಮೊದಲು ಮಂಜುಗಡ್ಡೆ ದೋಣಿಯಲ್ಲಿ ಬರ್ತಿತ್ತಂತೆ, ದಡ ಸೇರುವಷ್ಟರಲ್ಲಿ ಅರ್ಧ ನೀರಾಗಿರ್ತಿತ್ತಂತೆ.

ಭಾವ ಇತಿಹಾಸದ ಮೇಷ್ಟ್ರು. ಇಮ್ಮಡಿ ಪುಲಿಕೇಶಿ ಹಡಗುಗಳ ಜೊತೆ ಮುತ್ತಿದ ‘ಪುರಿ’ ಅಂತ ಐಹೊಳೆ ಶಾಸನದಲ್ಲಿದೆಯಲ್ಲ, ಅದು ಈ ಘಾರಾಪುರಿಯೇ, ಅಂದರೆ ಎಲಿಫೆಂಟಾವೇ ಅಂತ ಕೆಲವು ವಿದ್ವಾಂಸರ ಅಭಿಪ್ರಾಯ. ಅದನ್ನೆಲ್ಲ ಹರಕು ಹಿಂದಿಯಲ್ಲಿ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡರು, ಇನ್ನೆರಡು ಹೋಳು ಜಾಸ್ತಿ ಹಾಕಿದರು. ನಾವು ಅವರ ಊರಿನ ಬಗ್ಗೆ ಅವರಿಗೇ ಪಾಠ ಹೇಳ್ತೀವಿ, ಅವರನ್ನು ಏನಾದರೂ ಕೇಳೋದು ಮಾತ್ರ ಕಡಿಮೆ ಅಲ್ವಾ?

ಪ್ರವಾಸಿಗಳು ರಾತ್ರಿ ಉಳಿಯುವಂತಿಲ್ಲ. ಕೊನೆಯ ಲಾಂಚು ಹೊರಟ ಮೇಲೆ ಉಳಿಯುವವರು ಊರಿನವರು. “ರಾತ್ರಿ ಯಾರಿಗಾದರೂ ಎದೆನೋವು ಬಂದರೆ?” ಅಂತ ಕೇಳಿದೆ.

“ದೋಣಿ ಇರೋರನ್ನ ಎಬ್ಬಿಸ್ತೀವಿ. ಸಮುದ್ರ ಬಿಟ್ಟರೆ ಹೋಗ್ತೀವಿ” ಅಂದರು.

ನಮ್ಮನ್ನು ಕರೆದೊಯ್ಯೋಕೆ ಹಗಲೆಲ್ಲ ಲಾಂಚುಗಳು ಸಾಲುಗಟ್ಟಿರ್ತವೆ. ಅಷ್ಟರಲ್ಲಿ ಒಂದನ್ನಾದರೂ, ಡ್ರೈವರ್ ಸಮೇತ, ರಾತ್ರಿ ಅದೇ ಜೆಟ್ಟಿಯಲ್ಲಿ ಊರವರಿಗೋಸ್ಕರ ಕಟ್ಟಿಡಬೇಕು. ಅದರ ಖರ್ಚಿಗೆ ನನ್ನ ಟಿಕೆಟ್ಟಿನ ಮೇಲೆ ಹತ್ತು ರೂಪಾಯಿ ಜಾಸ್ತಿ ಹಾಕಲಿ, ಖುಷಿಯಿಂದ ಕೊಡ್ತೀನಿ.