ಮೊದಲು ಸಂಡಾಸ, ಆಮೇಲೆ ರ‍್ಯಾಂಪು: ಶಹಾಬಾದಿನಲ್ಲಿ ಒಂದು ಶಾಲೆ ಶುರುವಾದ ಕಥೆ

ಡಿಸೆಂಬರ್ 8

ಕೊನೆಗೂ ಮನೆಯ ಕರಾರು ಪತ್ರಕ್ಕೆ ಸಹಿ ಬಿತ್ತು. ಅರ್ಜಿ, ಟ್ರಸ್ಟು ಅಂತ ಓಡಾಡಿ ವರ್ಷವೇ ಆಯ್ತು. ಅಷ್ಟು ದಿನ ನಾನು ಕೂಡಿಟ್ಟಿದ್ದು ಬರೀ ಜೆರಾಕ್ಸ್ ರಸೀದಿ. ಇವತ್ತಿನಿಂದ ಬರೆದಿಡೋಣ ಅಂತ ಕೂತಿದ್ದೇನೆ.

ಮನೆ ಹಳೇದು. ಫರಸಿ, ಅಂದರೆ ನೆಲಕ್ಕೆ ಹಾಸೋ ಚಪ್ಪಡಿ ಕಲ್ಲಿನ ವ್ಯಾಪಾರ ಮಾಡುತ್ತಿದ್ದವರದು. ನಮ್ಮ ಊರಿನ ಕಲ್ಲು ದೇಶದ ಎಷ್ಟೋ ಮನೆಗಳ ನೆಲಕ್ಕೆ ಹೋಗಿದೆ, ಆದರೆ ಇಲ್ಲಿ ನೆಲಕ್ಕಷ್ಟೇ ಅಲ್ಲ. ಗೋಡೆಗೂ ಫರಸಿ, ಮಾಳಿಗೆಗೂ ಫರಸಿ, ನೀರಿನ ಕೊಡ ಇಡೋ ಕಟ್ಟೆಯೂ ಫರಸಿ. ಎರಡು ದೊಡ್ಡ ಕೋಣೆ, ಒಂದು ಸಣ್ಣದು, ಮುಂದೆ 15 ಅಡಿ ಅಂಗಳ, ಮೂಲೆಯಲ್ಲೊಂದು ಬೇವಿನ ಮರ.

ನಾವು ಮೂವರು. ನಾನು 12 ವರ್ಷ ಅತಿಥಿ ಶಿಕ್ಷಕಿಯಾಗಿದ್ದವಳು. ಲೆಕ್ಕ, ಕಾಗದ ಎಲ್ಲ ನಮ್ಮಣ್ಣನದು. ಮೂರನೆಯವರು ವಿಶೇಷ ಶಿಕ್ಷಣದಲ್ಲಿ ಡಿ.ಎಡ್. ಮಾಡಿದವರು. ಅವರನ್ನ ಓಣಿಯವರೆಲ್ಲ ಆಪಾ ಅಂತಾರೆ, ನಾನೂ ಹಾಗೇ ಅಂತೀನಿ. ಮೊದಲ ವರ್ಷ ಒಂದನೇ ತರಗತಿ ಮಾತ್ರ. ನಡೆಯೋ ಮಕ್ಕಳು, ನಡೆಯದ ಮಕ್ಕಳು, ಕೇಳಿಸೋರು, ಕೇಳಿಸದೋರು, ಎಲ್ಲ ಒಂದೇ ಕೋಣೆಯಲ್ಲಿ.

ಶಾಲೆಗೆ ಏನು ಹೆಸರಿಡೋದು ಅಂತ ಇನ್ನೂ ಜಗಳ ನಡೀತಿದೆ.

ಜನವರಿ 5

ಮನೆ ಮನೆ ತಿರುಗೋದು ಶುರು. ಮೊದಲ ದಿನ ಪೂರ್ತಿ ದಂಡ. "ಮನ್ಯಾಗ ಅಂಗವಿಕಲ ಮಕ್ಕಳು ಅದಾರೇನ್ರಿ?" ಅಂತ ಕೇಳಿದರೆ ಎಲ್ಲರೂ ಒಂದೇ ಮಾತು: "ಇಲ್ರಿ ಯವ್ವಾ." ಒಂದು ಮನೆಯಲ್ಲಂತೂ ಹಾಗೆ ಹೇಳೋವಾಗ ಒಳಗಿಂದ ಮಗು ಕೂಗೋದು ನಮಗೆ ಕೇಳಿಸುತ್ತಿತ್ತು.

ಆಪಾ ಪ್ರಶ್ನೆ ಬದಲಿಸಿದರು. "ಸಾಲಿಗಿ ಹೋಗಲಾರ್ದ ಮಕ್ಕಳು ಯಾರರ ಅದಾವೇನ್ರಿ?" ಇದಕ್ಕೆ ಜನ ಬಾಯಿ ಬಿಟ್ಟರು. ತಮ್ಮ ಮನೆಯದಲ್ಲದಿದ್ದರೂ ಪಕ್ಕದ ಮನೆಯದು ಹೇಳಿದರು.

ಜನವರಿ 23

ಮೂರು ವಾರಕ್ಕೆ 11 ಮಕ್ಕಳು ಸಿಕ್ಕಿದ್ದಾರೆ. ಆರು ವರ್ಷದ ಆಸುಪಾಸು ಇರೋರು 6 ಮಂದಿ. ಉಳಿದವರು ದೊಡ್ಡವರು, ಅವರಿಗೆ ಈ ವರ್ಷ ನಮ್ಮಲ್ಲಿ ಜಾಗ ಇಲ್ಲ. ಆ ಮಾತು ಹೇಳೋವಾಗ ಬಾಯಿ ಒಣಗುತ್ತೆ.

ಒಂದು ಮನೆಯ ಬಗ್ಗೆ ಬರೆಯಲೇಬೇಕು. ತಾಯಿ ಕೂಲಿಗೆ ಹೋಗ್ತಾಳೆ, ಹಂಗಾಮಿನಲ್ಲಿ ತೊಗರಿ ಹೊಲಕ್ಕೆ, ಉಳಿದಂತೆ ಕಲ್ಲು ಹೊರೋಕೆ. ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ. ಕಾಲು ಬಿಗಿ, ಬಲಗೈ ಮುಷ್ಟಿ ಬಿಚ್ಚೋದು ಕಷ್ಟ. ಮಾತು ನಿಧಾನ, ಆದರೆ ಮಾತಿಗೇನೂ ಕಡಿಮೆ ಇಲ್ಲ. ಹೋದ ವರ್ಷ ಒಂದು ಶಾಲೆಯಲ್ಲಿ ಹೆಸರು ಹಚ್ಚಿದ್ದರಂತೆ. ಅಲ್ಲಿ ರ‍್ಯಾಂಪು ಇತ್ತು, ಹಿಡಿದುಕೊಳ್ಳೋಕೆ ಕಬ್ಬಿಣದ ಕಂಬಿಯೂ ಇತ್ತು. ಆದರೆ ದಿನಾ ಹನ್ನೊಂದು ಗಂಟೆಗೆ ತಾಯಿಗೆ ಫೋನು: ಬಂದು ಕೂಸಿನ್ನ ಸಂಡಾಸಕ್ಕೆ ಕರೆದುಕೊಂಡು ಹೋಗಿ. ಕೂಲಿ ಬಿಟ್ಟು ಬಂದರೆ ಅರ್ಧ ದಿನದ ಪಗಾರ ಹೋಯ್ತು. ಹದಿನೈದು ದಿನ ನೋಡಿದಳು. ಆಮೇಲೆ ಮಗಳನ್ನ ಮನೆಯಲ್ಲೇ ಬಿಟ್ಟಳು.

ನಾನು ನಮ್ಮ ಶಾಲೆಯ ಬಗ್ಗೆ ಹತ್ತು ನಿಮಿಷ ಹೇಳಿದೆ. ಆಟದಿಂದ ಪಾಠ, ಚಿತ್ರದ ಪುಸ್ತಕ, ಹಾಗೆ ಹೀಗೆ. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಎರಡಕ್ಕ ಬಂದ್ರ ಯಾರ್ ತೊಳೀತಾರ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಖರ್ಚಿನ ಪಟ್ಟಿಯಲ್ಲಿ ರ‍್ಯಾಂಪು ಇತ್ತು, ಬಣ್ಣ ಇತ್ತು, ಉದ್ಘಾಟನೆಯ ಪೆಂಡಾಲೂ ಇತ್ತು. ಆಯಾ ಇರಲಿಲ್ಲ. ಅವತ್ತು ರಾತ್ರಿ ಪೆಂಡಾಲು ಹೊಡೆದು ಹಾಕಿ ಆ ಸಾಲಿನಲ್ಲಿ ಆಯಾ ಅಂತ ಬರೆದೆ. ಅಣ್ಣ ಏನೂ ಅನ್ನಲಿಲ್ಲ.

ಫೆಬ್ರವರಿ 9

ರ‍್ಯಾಂಪಿನ ಅವಾಂತರ. ಗೌಂಡಿ ಕಾಕಾ ಎರಡು ದಿನದಲ್ಲಿ ಮುಗಿಸಿಬಿಟ್ಟರು. ನೋಡೋಕೆ ಚೆಂದ. ಕಟ್ಟೆಯ ಎತ್ತರ 18 ಇಂಚು, ರ‍್ಯಾಂಪಿನ ಉದ್ದ 6 ಅಡಿ. ಮೇಲೆ ನುಣ್ಣಗೆ ಪಾಲಿಶ್ ಮಾಡಿದ ಫರಸಿ.

ಆಪಾ ಗಾಲಿ ಕುರ್ಚಿ ತಂದರು. ಅದರಲ್ಲಿ 25 ಕಿಲೋ ತೊಗರಿ ಚೀಲ ಕೂರಿಸಿ, "ಕಾಕಾ, ನೀವೇ ನೂಕ್ರಿ" ಅಂದರು. ಕಾಕಾ ನೂಕಿದರು. ಅರ್ಧಕ್ಕೆ ಹೋಗಿ ಕುರ್ಚಿ ನಿಂತಿತು. ಕೆಳಗೆ ಇಳಿಸೋವಾಗ ಕೈ ಜಾರಿತು. ಚೀಲ ಮುಂದಕ್ಕೆ ಬಿದ್ದು ಬಾಯಿ ಬಿಚ್ಚಿ ಅಂಗಳ ತುಂಬ ತೊಗರಿ. ಮೂರು ಮೇಕೆ ಎಲ್ಲಿಂದ ಬಂದವೋ.

ಕಾಕಾ ತಲೆ ಕೆರೆದುಕೊಂಡು, "ಬೈಕ್ ಹತ್ತತದಲ್ರಿ" ಅಂದರು. ಬೈಕ್ ಹತ್ತುತ್ತೆ, ನಿಜ.

ಲೆಕ್ಕ ಇಷ್ಟೇ: ಒಂದು ಇಂಚು ಏರೋಕೆ 12 ಇಂಚು ಉದ್ದ ಬೇಕು. 18 ಇಂಚಿಗೆ 18 ಅಡಿ. ಅಂಗಳವೇ 15 ಅಡಿ. ಹಾಗಾಗಿ 9 ಅಡಿ ಹೋಗಿ, 5 ಅಡಿ ಸಮತಟ್ಟು, ಅಲ್ಲಿ ತಿರುಗಿ ಮತ್ತೆ 9 ಅಡಿ. ಇದನ್ನ ಮೊದಲೇ ಸುಣ್ಣದಲ್ಲಿ ಗೆರೆ ಎಳೆದು ತೋರಿಸಬೇಕಿತ್ತು. ತಪ್ಪು ನನ್ನದೇ, ಕಾಕಾನದಲ್ಲ. ಒಡೆದು ಮತ್ತೆ ಕಟ್ಟೋಕೆ ಇನ್ನೊಂದು 14 ಸಾವಿರ. ಈ ಸಲ ಪಾಲಿಶ್ ಇಲ್ಲದ ಒರಟು ಫರಸಿ. ಅದರ ಮೇಲೂ ಉಳಿಯಿಂದ ಅಡ್ಡಡ್ಡ ಗೀರು ಹೊಡೆಸಿದ್ದೇವೆ. ನೀರು ಸುರಿದು ಬರಿಗಾಲಲ್ಲಿ ನಡೆದು ನೋಡಿದೆ, ಜಾರಲಿಲ್ಲ.

ಫೆಬ್ರವರಿ 28

ಸಂಡಾಸದ ಕೆಲಸ. ಈ ತಿಂಗಳು ಬೇರೆ ಏನೂ ಮಾಡಿಲ್ಲ ಅಂದರೂ ನಡೆಯುತ್ತೆ.

ಗಾಲಿ ಕುರ್ಚಿ ಆರಾಮಾಗಿ ಒಂದು ಸುತ್ತು ತಿರುಗೋಕೆ 5 ಅಡಿ ಅಡ್ಡಳತೆಯ ಜಾಗ ಬೇಕು. ಎರಡೂವರೆ ಅಡಿ ದಾರಕ್ಕೆ ಸೀಮೆಸುಣ್ಣ ಕಟ್ಟಿ ನೆಲದ ಮೇಲೆ ಗುಂಡಗೆ ಬರೆದೆ. ಅರ್ಧ ಗೋಡೆಯ ಮೇಲೆ ಹೋಯ್ತು. ಹಳೇ ಸಂಡಾಸ ಅಷ್ಟು ಸಣ್ಣದು. ಪಕ್ಕದ ಸೌದೆ ಕೋಣೆಯ ಗೋಡೆ ಒಡೆದು ಎರಡೂ ಸೇರಿಸಿದೆವು. ಬಾಗಿಲು 3 ಅಡಿ ಅಗಲ ಮಾಡಿಸಿದೆವು. ಅದು ಹೊರಗೆ ತೆರೆಯಬೇಕು. ಒಳಗೆ ತೆರೆದರೆ, ಮಗು ಬಾಗಿಲಿಗೆ ಅಡ್ಡ ಬಿದ್ದಾಗ ನಾವು ಹೊರಗೆ ನಿಂತು ಕೂಗೋದಷ್ಟೇ ಆಗುತ್ತೆ.

ಹಿಡಿದು ಏಳೋ ಕಂಬಿ ಎಷ್ಟು ಎತ್ತರ? ನಾವು ಓದಿದ ಅಳತೆಯೆಲ್ಲ ದೊಡ್ಡವರದು. ಹಾಗಾಗಿ ಆ ಕೂಲಿ ತಾಯಿಯ ಮಗಳನ್ನೇ ಕರೆಸಿದೆವು. ಅವಳನ್ನ ಒಂದು ಕುರ್ಚಿ ಮೇಲೆ ಕೂರಿಸಿ, ಎದ್ದೇಳೋವಾಗ ಎಡಗೈ ಗೋಡೆಗೆ ಎಲ್ಲಿ ತಾಗುತ್ತೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದೆವು. ಮೂರು ಸಲ ಎದ್ದಳು. ಮೂರು ಗುರುತೂ ಒಂದೇ ಕಡೆ ಬಿದ್ದವು. ನಾಲ್ಕನೇ ಸಲ ಏಳು ಅಂದಿದ್ದಕ್ಕೆ "ಸಾಕು ಟೀಚರ್, ಕಾಲ್ ನೋಯ್ತಾವ" ಅಂದಳು. ಸರಿ, ಸಾಕು.

ಕಮೋಡ್ ಮಕ್ಕಳ ಅಳತೆಯದು ಶಹಾಬಾದಿನಲ್ಲಿ ಸಿಗಲಿಲ್ಲ, ಕಲಬುರಗಿಯಿಂದ ತಂದೆವು. ಆದರೂ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಕಾಲು ತೂಗಾಡಿದರೆ ಮೈ ಇನ್ನೂ ಬಿಗಿಯಾಗುತ್ತೆ ಅಂತ ಆಪಾ ಹೇಳಿದರು. ಮುಂದೆ ಒಂದು ಫರಸಿ ತುಂಡು ಇಟ್ಟೆವು, ಕೂತಿತು. ನಲ್ಲಿ ಎಡಕ್ಕೆ ಬೇಕು, ಅದೂ ತಿರುಗಿಸೋದಲ್ಲ, ಮೇಲಕ್ಕೆತ್ತೋ ಹಿಡಿ ಇರೋದು. ಪ್ಲಂಬರ್ ಬಲಕ್ಕೇ ಹಾಕಿ ಹೋಗಿದ್ದಾನೆ. "ಎಲ್ಲಾ ಕಡಿ ಹಿಂಗೇ ಇರ್ತದ್ರಿ ಮೇಡಂ." ಇರುತ್ತೆ ಕಣಪ್ಪಾ, ಅದಕ್ಕೇ ಈ ಶಾಲೆ ಮಾಡ್ತಿರೋದು.

ಮಾರ್ಚ್ 17

ಕಾಗದ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಪ್ರಕಾರ ನೋಂದಣಿ ಆಗಬೇಕು. ಕಟ್ಟಡ ಗಟ್ಟಿ ಇದೆ ಅನ್ನೋ ಪತ್ರ, ಬೆಂಕಿ ಸುರಕ್ಷತೆಯ ಪತ್ರ, ಟ್ರಸ್ಟ್ ಪತ್ರ. ಒಂದು ಕಚೇರಿಯಲ್ಲಿ ಫೈಲು ಮೂರು ಸಲ ವಾಪಸ್ ಬಂತು. ಮೂರನೇ ಸಲ ಕಾರಣ: ಪುಟದ ನಂಬರು ಕೆಂಪು ಪೆನ್ನಿನಲ್ಲಿ ಹಾಕಿಲ್ಲ.

ಬೆಂಕಿ ಪತ್ರದ ಬಗ್ಗೆ ಮಾತ್ರ ನಾನು ಗೊಣಗೋದಿಲ್ಲ. 2004ರಲ್ಲಿ ಕುಂಭಕೋಣಂ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದರು. ಓಡೋಕೆ ಆಗದ ಮಕ್ಕಳು ಇರೋ ಕೋಣೆಗೆ ಎರಡು ಬಾಗಿಲು ಬೇಕೇ ಬೇಕು. ಎರಡನೇದನ್ನ ಯಾರೂ ಕೇಳೋ ಮುಂಚೆಯೇ ಗೋಡೆ ಒಡೆಸಿ ಇಡಿಸಿದ್ದೆವು.

ಆಫೀಸಿನಲ್ಲಿ ಒಬ್ಬರು, "ಅಡೆತಡೆ ಇಲ್ಲದ ದಾರಿ ಅಂತ ಬರ್ದೀರಲ್ಲ, ಇದು ವಿಶೇಷ ಶಾಲೆ ಏನು?" ಅಂತ ಕೇಳಿದರು. ಅಲ್ಲ ಸರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಎಲ್ಲ ಶಾಲೆಗೂ ಬೇಕು ಅಂತ ಬರೆದಿರೋದೇ ಅದು. ಅಣ್ಣ ಆ ಪುಟದ ಜೆರಾಕ್ಸ್ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾನೆ. ತೆಗೆದು ಕೊಟ್ಟ. ಅವರು ಓದಿ, ಒಂದು ಪ್ರತಿ ತಮಗೂ ಇರಲಿ ಅಂತ ಇಟ್ಟುಕೊಂಡರು. ಒಳ್ಳೇ ಮನುಷ್ಯ.

ಏಪ್ರಿಲ್ 6

ದಾಖಲಾತಿ. 24 ಸೀಟು ಅಂದುಕೊಂಡಿದ್ದೇವೆ. ಕಾಯ್ದೆ ಪ್ರಕಾರ 60 ಮಕ್ಕಳವರೆಗೂ ಇಬ್ಬರು ಟೀಚರ್ ಸಾಕು. ಆದರೆ 24ಕ್ಕೇ ನಾವಿಬ್ಬರೂ ಇದ್ದು ಜೊತೆಗೆ ಆಯಾನೂ ಇದ್ದರೆ ಮಾತ್ರ ನಾವು ಹೇಳಿದ್ದು ನಡೆದೀತು. ಕಷ್ಟ ಇರೋ 6 ಮಕ್ಕಳಿಗೆ ಫೀಜು ಇಲ್ಲ. 18 ಮಕ್ಕಳು ಓಣಿಯಿಂದ ಬರಬೇಕು. ಅವರು ಬರದಿದ್ದರೆ ಜನ ಇದನ್ನ "ಅಂಥ ಮಕ್ಕಳ ಸಾಲಿ" ಅಂತ ಕರೆದು ಮುಗಿಸುತ್ತಾರೆ.

ಕಿರಾಣಿ ಅಂಗಡಿಯವರೊಬ್ಬರು ಮಗನನ್ನ ಕರೆದುಕೊಂಡು ಬಂದರು. ಎಂಟ್ರನ್ಸ್ ಟೆಸ್ಟ್ ಯಾವಾಗ ಅಂದರು. ಇಲ್ಲ ಅಂದೆ, ಮಕ್ಕಳನ್ನ ಪರೀಕ್ಷೆ ಮಾಡಿ ಸೇರಿಸಿಕೊಳ್ಳೋದು ಕಾನೂನಿಗೇ ವಿರುದ್ಧ. ಅವರಿಗೆ ನಿರಾಶೆ. "ಟೆಸ್ಟ್ ಇಲ್ಲಂದ್ರ ಸಾಲಿ ಹ್ಯಾಂಗ್ರಿ?" ಅಂತ ಹೊರಟೇಹೋದರು. ಎರಡು ದಿನ ಬಿಟ್ಟು ಅವರ ಹೆಂಡತಿ ಬಂದು ಸೇರಿಸಿದಳು. ಅವಳು ಮೊದಲು ನೋಡಿದ್ದು ಸಂಡಾಸ.

ಇನ್ನೊಬ್ಬರು, "ಅಂಥವ್ರ ಜೋಡಿ ಕುಂತ್ರ ನಮ್ ಹುಡುಗಗೂ ಅದೇ ಬರ್ತದ" ಅಂದರು. ನನಗೆ ಸಿಟ್ಟು ನೆತ್ತಿಗೇರಿತು, ಏನೋ ಅಂದುಬಿಟ್ಟೆ. ಅವರು ವಾಪಸ್ ಬರಲಿಲ್ಲ. ಆಪಾ ಆಗಿದ್ದರೆ ಚಹಾ ಕೊಟ್ಟು ಕೂರಿಸಿ ಮಾತಾಡುತ್ತಿದ್ದರು.

ಏಪ್ರಿಲ್ 27

ಬಿಸಿಲು. ಹೊರಗೆ ಕಾಲಿಡೋ ಹಾಗಿಲ್ಲ. ಈಗ ನಮ್ಮ ಕಡೆ ಸರ್ಕಾರಿ ಕಚೇರಿಗಳೂ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆ ತನಕ ಮಾತ್ರ. ಮಾಳಿಗೆ ಮೇಲೆ ಎರಡು ಕೋಟು ಸುಣ್ಣ ಹೊಡೆಸಿದೆವು. ಕೋಣೆ ಸ್ವಲ್ಪ ತಣ್ಣಗಾಯ್ತು.

ಹೊಸ ತಲೆನೋವು ಸದ್ದು. ಸುತ್ತಲೂ ಕಲ್ಲು, ಖಾಲಿ ಕೋಣೆ. "ಅ" ಅಂದರೆ ಮೂರು "ಅ" ಕೇಳಿಸುತ್ತೆ. ನಮಗೆ ತಮಾಷೆ, ಆದರೆ ಒಬ್ಬ ಹುಡುಗ ಕಿವಿಗೆ ಮಷೀನ್ ಹಾಕ್ತಾನೆ. ಮಷೀನಿಗೆ ಟೀಚರ್ ದನಿ, ಫ್ಯಾನಿನ ಗರಗರ, ಗೋಡೆಯ ಮಾರ್ದನಿ ಎಲ್ಲ ಒಂದೇ. ಎಲ್ಲವನ್ನೂ ದೊಡ್ಡದು ಮಾಡಿ ಕಿವಿಗೆ ಹಾಕುತ್ತೆ. ಅವನು ಮಷೀನ್ ಕಿತ್ತು ಜೇಬಿಗಿಟ್ಟುಕೊಳ್ಳೋದು ಹಟಕ್ಕಲ್ಲ, ತಡೆಯೋಕಾಗದೆ.

ದುಬಾರಿ ಹಲಗೆ ಹಾಕಿಸೋಕೆ ದುಡ್ಡಿಲ್ಲ. ಎದುರು ಮನೆ ಆಯಿ ಕೌದಿ ಹೊಲೀತಾರೆ. ಹಳೇ ಸೀರೆ, ಧೋತರ ಪದರ ಪದರವಾಗಿ ಜೋಡಿಸಿ ಗುದ್ದಿ ಗುದ್ದಿ ಹೊಲಿದ ಕೌದಿ ಅಂದರೆ ಒಳ್ಳೇ ದಪ್ಪ. ಅವರ ಹತ್ತಿರ ನಾಲ್ಕು ತಂದು ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ನೇತು ಹಾಕಿದೆವು. ಆಪಾ ಚಪ್ಪಾಳೆ ತಟ್ಟಿದರು. ಒಂದೇ ಚಪ್ಪಾಳೆ ಕೇಳಿಸಿತು. ಫ್ಯಾನಿಗೆ ಹೊಸ ಬೇರಿಂಗ್ ಹಾಕಿಸಿದ ಮೇಲೆ ಆ ಹುಡುಗನನ್ನ ಕೂರಿಸಿ ಹಿಂದಿನಿಂದ ಹೆಸರು ಕರೆದೆವು. ತಿರುಗಿದ. ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಾ ಹೊದ್ಕೊಳ್ಳಾಕ ಅಂತ ಹೊಲ್ದಿದ್ದೆ, ನೀವು ಗ್ವಾಡಿಗಿ ಹೊಚ್ಚೀರಿ" ಅಂದರು.

ಮೇ 19

ಅನುಮತಿ ಬಂತು. ಆಯಾನೂ ಸಿಕ್ಕರು, ಇದೇ ಓಣಿಯವರು. ಗ್ಲೌಸ್ ಹಾಕೋದು, ಮಗುವನ್ನ ಎತ್ತೋ ರೀತಿ, ತೊಳೆಯೋ ಮುಂಚೆ ಮಗುವಿಗೆ ಹೇಳೋದು, ಬಾಗಿಲು ಮುಚ್ಚೋದು, ಎಲ್ಲ ಆಪಾ ನಾಲ್ಕು ದಿನ ಕಲಿಸಿದರು. ಪಗಾರ ನನ್ನದಕ್ಕಿಂತ ಐನೂರು ಜಾಸ್ತಿ. ಅಣ್ಣನ ತೀರ್ಮಾನ. ನನ್ನ ತಕರಾರಿಲ್ಲ. (ಸ್ವಲ್ಪ ಇದೆ.)

ಜೂನ್ 2

ಶುರು. 22 ಮಕ್ಕಳು. ಪೆಂಡಾಲಿಲ್ಲ. ಎಲ್ಲರಿಗೂ ಸಿರಾ ಹಂಚಿದೆವು. ಹೆಸರಿನ ಬೋರ್ಡ್ ಇಲ್ಲ, ಜಗಳ ಇನ್ನೂ ಮುಗಿದಿಲ್ಲ.

ಜೂನ್ 13

ಎರಡು ವಾರದ ಲೆಕ್ಕ.

ಕನ್ನಡ ಗೊತ್ತಿಲ್ಲದ ಮಕ್ಕಳು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಮನೆಯಲ್ಲಿ ದಖನಿ, ಲಂಬಾಣಿ, ಒಬ್ಬಳದು ತೆಲುಗು. ಮಾತು ಬಾರದ ಒಬ್ಬ ಹುಡುಗನಿಗೆ ಅಂತ ಆಪಾ ಚಿತ್ರದ ಚೀಟಿ ಮಾಡಿದ್ದರು: ನೀರು, ಊಟ, ಸಂಡಾಸ, ಸಾಕು. ಅದನ್ನ ಮೊದಲು ಬಳಸಿದ್ದು ಅವನಲ್ಲ. ತಾಂಡಾದಿಂದ ಬರೋ ಒಬ್ಬ ಪೋರ, ಮಾತಿನ ಮಲ್ಲ, ಆದರೆ ಕನ್ನಡ ಒಂದಕ್ಷರ ಬರಲ್ಲ. ಎರಡನೇ ದಿನ ಓಡಿ ಬಂದು ಸಂಡಾಸದ ಚೀಟಿ ಕಿತ್ತು ನನ್ನ ಮುಖಕ್ಕೆ ಹಿಡಿದ. ಈಗ ಮಾತು ಬರೋ ಮಕ್ಕಳೂ ಚೀಟಿ ತೋರಿಸುತ್ತಾರೆ. "ಸಾಕು" ಚೀಟಿಯಂತೂ ನಾನು ಪಾಠ ಮಾಡೋವಾಗ ಮೂರು ಕಡೆಯಿಂದ ಏಳುತ್ತೆ.

ಕಿವಿ ಮಷೀನಿನ ಹುಡುಗ ಮಧ್ಯಾಹ್ನದ ತನಕ ಹಾಕಿಕೊಳ್ತಾನೆ, ಆಮೇಲೆ ಜೇಬಿಗೆ. ಒಬ್ಬಳು ಅಜ್ಜಿ ಜೊತೆ ಊರಿಗೆ ಹೋದವಳು ಬಂದಿಲ್ಲ.

ಆ ತಾಯಿ ಮೊದಲ ವಾರ ಕೂಲಿಗೆ ಹೋಗಲೇ ಇಲ್ಲ. ಬೇವಿನ ಮರದ ಕೆಳಗೆ ಕೂತಿರುತ್ತಿದ್ದಳು. ಹೋಗು ಅಂತ ನಾವು ಹೇಳಲಿಲ್ಲ. ಒಂದು ಸಲ ನಂಬಿ ಕೆಟ್ಟವಳು, ಎಷ್ಟು ದಿನ ಬೇಕೋ ಕೂರಲಿ. ಆಯಾ ಮಗಳನ್ನ ಕರೆದುಕೊಂಡು ಹೋದಾಗೆಲ್ಲ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಈ ಮಂಗಳವಾರ ಹತ್ತು ಗಂಟೆಗೆ ಎದ್ದು ಸೀರೆ ಕೊಡವಿಕೊಂಡು ಹೋದಳು. ಹನ್ನೊಂದೂವರೆಗೆ ಕೆಲಸದ ಜಾಗದಿಂದ ಅವಳೇ ಫೋನ್ ಮಾಡಿದಳು.

"ಫೋನ್ ಬಂದಿಲ್ಲಲ್ರಿ ಟೀಚರ್, ಅದಕ್ಕ ಮಾಡ್ದೆ."

ಆಗಲೇ ಹೋಗಿ ಬಂದಳು, ಈಗ ಮರಳಿನಲ್ಲಿ ಆಡ್ತಿದ್ದಾಳೆ ಅಂದೆ. ಆ ಕಡೆ ಕಲ್ಲು ಒಡೆಯೋ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಫೋನ್ ಇಟ್ಟಳು.

ನಲ್ಲಿ ಇನ್ನೂ ಬಲಕ್ಕೇ ಇದೆ. ಪ್ಲಂಬರ್ ಸೋಮವಾರ ಬರ್ತಾನಂತೆ. ಹೋದ ಸೋಮವಾರವೂ ಹಾಗೇ ಅಂದಿದ್ದ.